ಯಾವೂರಪ್ಪಾ ನಿಂದು?

ಎಲ್ಲರೂ ಹೊಗಳಿದ ಸಿನಿಮಾ ನಮಗೆ ಹಿಡಿಸದಿದ್ದರೆ ಕಷ್ಟ. ಮದುವೆಮನೆಯಲ್ಲಿ ಪಂಕ್ತಿಯೆಲ್ಲ ಹೋಳಿಗೆ ಚಪ್ಪರಿಸುತ್ತಿರುವಾಗ ನಮ್ಮ ನಾಲಿಗೆಗೆ ಮಾತ್ರ ಅದು ಸಪ್ಪೆ ಎನಿಸಿದ ಹಾಗೆ. ಹೇಳಿದರೆ ಜ್ವರ ಬಂದಿದೆಯಾ ಅಂತಾರೆ. ‘ಡನ್‌ಕರ್ಕ್’ ನೋಡಿ ಬಂದಾಗ ನನಗೆ ಆದದ್ದು ಇದೇ.

2017ರಲ್ಲಿ ಬಂದ ಕ್ರಿಸ್ಟೋಫರ್ ನೋಲನ್ ಚಿತ್ರ ಅದು. ಮುಂದೆ 3 ಆಸ್ಕರ್ ಗೆದ್ದಿತು. ಅದರಲ್ಲಿ ಎರಡು ಶಬ್ದಕ್ಕೇ. ಅದನ್ನು ನನ್ನ ಕಿವಿ ಥಿಯೇಟರಿನಲ್ಲೇ ಹೇಳಿತ್ತು ಬಿಡಿ.

ಕಥೆಗೇನೂ ಕೊರತೆಯಿಲ್ಲ. ಎರಡನೇ ಮಹಾಯುದ್ಧ, 1940ರ ಮೇ ಕೊನೆ. ಫ್ರಾನ್ಸಿನ ಡನ್‌ಕರ್ಕ್ ಕಡಲ ತೀರದಲ್ಲಿ ಬ್ರಿಟನ್ ಮತ್ತು ಮಿತ್ರದೇಶಗಳ ಲಕ್ಷಗಟ್ಟಲೆ ಸೈನಿಕರು. ಹಿಂದೆ ಜರ್ಮನ್ ಸೇನೆ, ಮುಂದೆ ನೀರು. ಜೂನ್ 4ರ ಹೊತ್ತಿಗೆ ಸುಮಾರು 3,38,000 ಜನರನ್ನು ಆಚೆ ದಡದ ಇಂಗ್ಲೆಂಡಿಗೆ ಸೇರಿಸಿದರು. ಸಣ್ಣಪುಟ್ಟ ಖಾಸಗಿ ದೋಣಿಗಳೂ ಕೈ ಸೇರಿಸಿದ್ದವು. ಇಷ್ಟು ಓದಿದರೇ ಗಂಟಲು ಕಟ್ಟುತ್ತದೆ, ಅಲ್ವಾ? ನಾನು ಕರ್ಚೀಫು ಇಟ್ಟುಕೊಂಡೇ ಹೋಗಿದ್ದೆ. ಅದು ಮಡಿಕೆ ಬಿಚ್ಚದೆ ವಾಪಸ್ ಬಂತು.

ದಡದ ಒಂದು ವಾರ, ಕಡಲಿನ ಒಂದು ದಿನ, ಆಕಾಶದ ಒಂದು ಗಂಟೆ. ಈ ಮೂರು ಕಥೆಗಳನ್ನೂ ಜಡೆ ಹೆಣೆದ ಹಾಗೆ ಹೆಣೆದಿದ್ದಾರೆ. ಹಿನ್ನೆಲೆಯಲ್ಲಿ ಗಡಿಯಾರದ ಟಿಕ್ ಟಿಕ್. ಜಡೆ ಚೆನ್ನಾಗಿದೆ, ಒಪ್ಪಿದೆ. ತಲೆ ಯಾರದು ಅಂತ ಮಾತ್ರ ಗೊತ್ತಾಗಲಿಲ್ಲ.

ನನ್ನದು ಹಳೇ ಚಾಳಿ. ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಯಾವೂರು, ಯಾರ ಪೈಕಿ ಅಂತ ಕೇಳಿಬಿಡುವ ಮನೆಯವಳು ನಾನು. ಅಜ್ಜಿಯಂತೂ ಟೀವಿಯಲ್ಲಿ ವಾರ್ತೆ ಓದುವವರ ಊರನ್ನೂ ವಿಚಾರಿಸುತ್ತಿದ್ದಳು. ಇಲ್ಲಿ ಮುಖ್ಯ ಹುಡುಗನ ಹೆಸರು ಟಾಮಿಯಂತೆ. ಅದೂ ಕೊನೆಯ ಪಟ್ಟಿಯಲ್ಲಿ ಬರುವುದು, ಸಿನಿಮಾದೊಳಗೆ ಯಾರೂ ಹಾಗೆ ಕರೆಯುವುದಿಲ್ಲ. ಬ್ರಿಟಿಷ್ ಸಿಪಾಯಿಗಳಿಗೆಲ್ಲ ಇದ್ದ ಅಡ್ಡಹೆಸರೇ ಅದು. ಊರಿಲ್ಲ, ಅವ್ವನಿಲ್ಲ, ಜೇಬಿನಲ್ಲೊಂದು ಕಾಗದವೂ ಇಲ್ಲ. ಸುಮ್ನೆ ಓಡುತ್ತಾನೆ, ಮುಳುಗುತ್ತಾನೆ, ಏಳುತ್ತಾನೆ. ಪಾಪ, ಶುರುವಿನಲ್ಲಿ ಹೊಟ್ಟೆ ಹಗುರ ಮಾಡಿಕೊಳ್ಳಲು ಮರಳಿನಲ್ಲಿ ಮರೆ ಹುಡುಕುತ್ತಾನಲ್ಲ, ಆಗಷ್ಟೇ ಅವನು ನಮ್ಮ ಹುಡುಗ ಅನ್ನಿಸಿದ್ದು.

ಸಿನಿಮಾ ಹುಚ್ಚಿನ ಗೆಳತಿಯೊಬ್ಬಳಿಗೆ ಇದನ್ನು ಹೇಳಿದೆ. “ಐಮ್ಯಾಕ್ಸ್‌ನಲ್ಲಿ ನೋಡಿಲ್ಲ ನೀನು, ಅದಕ್ಕೇ” ಅಂದಳು. ಹೋಳಿಗೆಗೆ ತುಪ್ಪ ಕಮ್ಮಿಯಾಗಿತ್ತು ಎಂಬಂತೆ. ಪರದೆ ದೊಡ್ಡದಾದರೆ ಊರು ಕಾಣುತ್ತದೆಯೇ?

ಆಮೇಲೆ ಹಠಕ್ಕೆ ಬಿದ್ದು ಓದಿದೆ. ಆ ತೀರದಲ್ಲಿ ನಮ್ಮ ಕಡೆಯವರೂ ಇದ್ದರು! ಹೇಸರಗತ್ತೆಗಳ ಜೊತೆ ಮುಂಬೈಯಿಂದ ಹಡಗು ಹತ್ತಿ ಫ್ರಾನ್ಸಿಗೆ ಹೋದ ಭಾರತೀಯ ಸೇನೆಯ ತುಕಡಿಗಳು. ಲಾರಿ ಹೋಗಲಾಗದ ಕೆಸರಿನಲ್ಲಿ ಸಾಮಾನು ಹೊರುವುದು ಅವರ ಕೆಲಸ. ಒಂದು ತುಕಡಿ ಜರ್ಮನರ ಕೈಗೆ ಸಿಕ್ಕಿತು. ಉಳಿದವರು ಪಾರಾದರು, ಹೇಸರಗತ್ತೆಗಳನ್ನು ಅಲ್ಲೇ ಬಿಟ್ಟು. ಹಗ್ಗ ಕೈಬಿಡುವಾಗ ಒಬ್ಬ ಸಿಪಾಯಿ ತನ್ನ ಹೇಸರಗತ್ತೆಯ ಕಿವಿಯಲ್ಲಿ ಏನು ಹೇಳಿರಬಹುದು? ನನ್ನ ಕರ್ಚೀಫಿಗೆ ಅಷ್ಟು ಸಾಕಿತ್ತು. ಸಿನಿಮಾದಲ್ಲಿ ಅವರ ಸುಳಿವೇ ಇಲ್ಲ.

ಕೊನೆಗೆ ಇಂಗ್ಲೆಂಡಿನಲ್ಲಿ ಇಳಿದ ಹುಡುಗರಿಗೆ ಒಬ್ಬ ಮುದುಕ ಕಂಬಳಿ ಹಂಚುತ್ತಾನೆ. ಕಣ್ಣು ಕಾಣದವನು. ಟಾಮಿಯ ಮುಖವನ್ನು ಕೈಯಿಂದ ಮುಟ್ಟಿ ನೋಡುತ್ತಾನೆ. ನಾನು ಸೀಟಿನ ತುದಿಗೆ ಬಂದೆ. ಈಗ ಕೇಳುತ್ತಾನೆ, ಈಗ ಕೇಳಿಯೇ ಕೇಳುತ್ತಾನೆ ಅಂದುಕೊಂಡೆ.

ಕೇಳಲಿಲ್ಲ.