ಕಡತಕ್ಕೂ ವರ್ಗಾವಣೆ

ನಮ್ಮ ಜಮೀನಿನ ನಕ್ಷೆಯ ನಕಲು ಕೇಳಲು ತುಮಕೂರಿನ ಒಂದು ಕಚೇರಿಗೆ ಹೋಗಿದ್ದೆ. ಹಿಂದೆಲ್ಲ ಕಡತ ಬೇಕೆಂದರೆ ಬೀಗದ ಕೈ ಇಟ್ಟುಕೊಂಡ ಮಹಾನುಭಾವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಗಿಸಿ ಬರುವವರೆಗೆ ಕಾಯಬೇಕಿತ್ತು. ಈಗ ಹಾಗಿಲ್ಲ. "ಎಲ್ಲವೂ ಆನ್‌ಲೈನ್ ಆಗಿದೆ ಸ್ವಾಮಿ" ಎಂದರು ವಿಷಯ ನಿರ್ವಾಹಕರು, ಹೊಸ ಅಳಿಯನನ್ನು ಪರಿಚಯಿಸುವ ಠೀವಿಯಲ್ಲಿ.

ಆನ್‌ಲೈನ್ ಎಂದರೆ ಜಿಮೇಲ್. ಜಿಮೇಲ್ ಎಂದರೆ ಇವರಿಗಿಂತ ಹಿಂದೆ ಇದ್ದವರ ಸ್ವಂತ ಜಿಮೇಲ್. ಆ ಪುಣ್ಯಾತ್ಮರು ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ತಮಗೆ ತಾವೇ ಕಳುಹಿಸಿಕೊಳ್ಳುತ್ತಿದ್ದರಂತೆ. ಅವರಿಗೀಗ ಪಾವಗಡಕ್ಕೆ ವರ್ಗವಾಗಿದೆ. ಕಡತಗಳೂ ಆದೇಶವಿಲ್ಲದೆ, ಬೀಳ್ಕೊಡುಗೆಯ ಹಾರವೂ ಇಲ್ಲದೆ ಜೊತೆಗೆ ಹೋಗಿವೆ.

ಉಪಾಯವೇನೋ ಹಳೆಯದು. 2004ರ ಏಪ್ರಿಲ್ 1ರಂದು ಗೂಗಲ್ 1 ಜಿಬಿ ಜಾಗ ಪುಕ್ಕಟೆ ಎಂದು ಸಾರಿದಾಗ ಹಾಟ್‌ಮೇಲ್ ಕೊಡುತ್ತಿದ್ದುದು 2 ಎಂಬಿ. ಏಪ್ರಿಲ್ ಫೂಲ್ ಎಂದುಕೊಂಡವರೇ ಹೆಚ್ಚು. ನಿಜವೆಂದು ತಿಳಿದದ್ದೇ ತಡ, ಆ ಅಂಚೆಪೆಟ್ಟಿಗೆಯನ್ನೇ ಕಂಪ್ಯೂಟರಿನ ಇನ್ನೊಂದು ಡ್ರೈವ್‌ನಂತೆ ತೋರಿಸುವ 'ಜಿಮೇಲ್ ಡ್ರೈವ್' ಎಂಬ ತಂತ್ರಾಂಶವನ್ನು ಹೊರಗಿನವರು ಬರೆದರು. ಫೈಲ್ ಎಳೆದು ಹಾಕಿದರೆ ನಿಮಗೆ ನೀವೇ ಬರೆದ ಮಿಂಚಂಚೆಯಾಗಿ ಅದು ಕೂರುತ್ತಿತ್ತು. 2012ರಲ್ಲಿ ಗೂಗಲ್ ತಾನೇ ಫೈಲ್ ಇಡಲೆಂದು 'ಗೂಗಲ್ ಡ್ರೈವ್' ತೆರೆದು ಈ ದೊಂಬರಾಟದ ಅಗತ್ಯವನ್ನೇ ತಪ್ಪಿಸಿತು. ಆ ಸುತ್ತೋಲೆ ನಮ್ಮ ಕಚೇರಿಗೆ ಇನ್ನೂ ತಲುಪಿಲ್ಲ.

ಪಾವಗಡಕ್ಕೆ ಫೋನ್ ಹೋಯಿತು, ಸ್ಪೀಕರ್ ಹಾಕಿಯೇ.

"ವಿಷಯ ಎಂದು ಏನು ಬರೆದಿದ್ದಿರಿ ಸರ್?"

"ಅರ್ಜೆಂಟ್."

"ಇವರ ನಕ್ಷೆಗೆ?"

"ಎಲ್ಲದಕ್ಕೂ."

ಇಷ್ಟು ವರ್ಷ ವಿಷಯ ನಿರ್ವಹಿಸಿದವರು ವಿಷಯವನ್ನೊಂದು ಬಿಟ್ಟು ಉಳಿದೆಲ್ಲವನ್ನೂ ನಿರ್ವಹಿಸಿದ್ದರು. ಹೋಗಲಿ, ಒಂದೊಂದಾಗಿ ತೆರೆದು ನೋಡಿ ಕಳುಹಿಸಿ ಎಂದರೆ ಇನ್ನೊಂದು ತೊಡಕು. ಪುಕ್ಕಟೆ ಜಾಗ ಈಗ 15 ಜಿಬಿ. ಅಂಚೆ, ಡ್ರೈವ್, ಫೋಟೊ ಎಲ್ಲಕ್ಕೂ ಸೇರಿ ಅಷ್ಟೇ. ಅದು ತುಂಬಿದರೆ ಅಂಚೆ ಒಳಗೂ ಬಾರದು, ಹೊರಗೂ ಹೋಗದು. ತುಂಬಿಸಿರುವುದು ಅವರ ಮೊಮ್ಮಗನ ನಾಮಕರಣದ ವಿಡಿಯೊ. "ಈಗ ಮಗುವನ್ನು ಅಳಿಸಲೋ, ಸರ್ವೆ ನಂಬರ್ ಅಳಿಸಲೋ, ಸ್ವಾಮಿಯವರೇ ಹೇಳಲಿ" ಎಂದಿತು ಫೋನು. ಮಕ್ಕಳೊಂದಿಗನಾದ ನಾನು ಏನು ಹೇಳಲಿ?

ಫೋನ್ ಇಟ್ಟ ವಿಷಯ ನಿರ್ವಾಹಕರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು, ಖಾಲಿ ಸೈಟು ಕಂಡವರಂತೆ. "ನಿಮ್ಮ ಜಿಮೇಲಿನಲ್ಲಿ ಜಾಗ ಎಷ್ಟಿದೆ?"

11 ಜಿಬಿ ಎಂದುಬಿಟ್ಟೆ.

ಅಂದಿನಿಂದ ಯಾರ ಯಾರದೋ ನಕ್ಷೆಗಳು ನನ್ನ ಪೆಟ್ಟಿಗೆಗೆ ಬಂದು ಬೀಳುತ್ತಿವೆ. ವಿಷಯ: ಅರ್ಜೆಂಟ್. ನಿನ್ನೆ ಗುಬ್ಬಿ ಕಡೆಯ ರೈತರೊಬ್ಬರು ಕಚೇರಿಯಲ್ಲಿ ವಿಚಾರಿಸಿಕೊಂಡು ನಮ್ಮ ಮನೆಯ ಬಾಗಿಲಿಗೇ ಬಂದಿದ್ದರು. ನಾನು ಊಟಕ್ಕೆ ಕುಳಿತಿದ್ದೆ.

"ನಾಳೆ ಬನ್ನಿ" ಎಂದೆ.