ಸಂಕವಿಲ್ಲದ ಹಳ್ಳ ಹಾರಿದವರು

ಮಧ್ಯಾಹ್ನ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವಾಗ ಒಂದು ದಿನ ಚಿಕ್ಕಂದಿನಲ್ಲಿ ಓದಿದ ಪುಸ್ತಕಗಳ ಮಾತು ಬಂತು. ಭಾಕ್ರಿ ಮುರಿಯುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಕೈ ತಡೆದು, ನಾಲಿಗೆಯನ್ನು ಅಂಗುಳಿಗೆ ಒತ್ತಿ ‘ಟ್ಟಾಕ್’ ಎಂದು ಸದ್ದು ಮಾಡಿದರು. ಮೇಜಿನ ಸುತ್ತ ಕೂತಿದ್ದ ಪುಣೆಯವರೆಲ್ಲರ ಮುಖ ಒಮ್ಮೆಲೇ ಅರಳಿತು. ನನಗೊಬ್ಬನಿಗೆ ಮಾತ್ರ ಗೊತ್ತಾಗಲಿಲ್ಲ.

ಅದು ಫಾಸ್ಟರ್ ಫೇಣೆಯ ಸದ್ದು. ಲೇಖಕ ಭಾ. ರಾ. ಭಾಗವತರು ತಮ್ಮ ಸಾಹಸ ಕತೆಗಳಲ್ಲಿ ಮರಾಠಿ ಮಕ್ಕಳಿಗೆ ಕೊಟ್ಟ ಹುಡುಗ ಬನೇಶ ಫೇಣೆ ಪುಣೆಯ ಪಕ್ಕದ ಫುರಸುಂಗಿಯವನು. ಸೈಕಲ್ ಹತ್ತಿದನೆಂದರೆ ಯಾರ ಕೈಗೂ ಸಿಗುವವನಲ್ಲ. ಭಾಗವತರು 2001ರಲ್ಲಿ ತೀರಿಕೊಂಡರು. ಅವರ ಹುಡುಗ ಮಾತ್ರ ಐವತ್ತು ದಾಟಿದವರ ನಾಲಿಗೆಯ ಮೇಲೆ ಇನ್ನೂ ಇದ್ದಾನೆ.

ಹನ್ನೆರಡರಿಂದ ಹದಿನಾರು ವರ್ಷದವರು ಓದುವುದಕ್ಕೆ ಮರಾಠಿಯಲ್ಲಿ ‘ಕುಮಾರ ಸಾಹಿತ್ಯ’ ಎಂಬ ಹೆಸರೇ ಇದೆ. ಪಠ್ಯಪುಸ್ತಕ ಮಾಡುವ ಬಾಲಭಾರತಿ 1971ರಿಂದ ‘ಕಿಶೋರ’ ಮಾಸಿಕ ತರುತ್ತಿದೆ. ದೀಪಾವಳಿ ಬಂತೆಂದರೆ ಮಕ್ಕಳಿಗೂ ವಿಶೇಷಾಂಕ. ಪುಣೆಯ ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳಲ್ಲಿ ಅಜ್ಜಂದಿರು ಮೊಮ್ಮಕ್ಕಳ ಕೈ ಹಿಡಿದು ತಾವು ಓದಿದ್ದನ್ನೇ ಹುಡುಕಿ ಕೊಡಿಸುವುದನ್ನು ನೋಡಿದ್ದೇನೆ.

ಹೊಸನಗರ ತಾಲ್ಲೂಕಿನ ನನ್ನ ಬಾಲ್ಯದಲ್ಲಿ ಅಂಥ ವಿಭಾಗವೇ ಇರಲಿಲ್ಲ. ಚಂದಮಾಮ, ಭಾರತ ಭಾರತಿಯ ಪುಟ್ಟ ಪುಸ್ತಕಗಳು, ಅದು ಮುಗಿದ ಮೇಲೆ ಚಿಕ್ಕಪ್ಪನ ಟ್ರಂಕು. ನುಸಿಗುಳಿಗೆಯ ವಾಸನೆಯ ಆ ಟ್ರಂಕಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿದ್ದವು, ಅಮ್ಮ ಓದಬೇಡ ಎನ್ನುತ್ತಿದ್ದ ತೆಲುಗಿನ ಯಂಡಮೂರಿಯ ಕಾದಂಬರಿ ಇತ್ತು, ತಳದಲ್ಲಿ ಪೂರ್ಣಚಂದ್ರ ತೇಜಸ್ವಿಯವರ, ರಟ್ಟು ಕಿತ್ತುಹೋದ ಒಂದು ‘ಕರ್ವಾಲೊ’ ಇತ್ತು.

ಹದಿಮೂರನೇ ವಯಸ್ಸಿನಲ್ಲಿ, ಜಡಿಮಳೆಯ ಎರಡು ದಿನ ಅದನ್ನು ಓದಿದೆ. ಕೃಷಿಯಿಂದ ಬೇಸತ್ತ ಒಬ್ಬ ಮನುಷ್ಯ, ಜೇನು ಸೊಸೈಟಿ, ಕಿವಿ ಎಂಬ ನಾಯಿ, ಬಿರಿಯಾನಿ ಕರಿಯಪ್ಪ. ಇವರೆಲ್ಲ ನಮ್ಮ ಊರಿನ ಬಸ್‌ಸ್ಟ್ಯಾಂಡಿನಲ್ಲೇ ಸಿಗುವವರು! ಕತೆಯಲ್ಲಿ ಬರುವವರು ರಾಜಕುಮಾರರು, ಋಷಿಗಳು, ಇಲ್ಲವೇ ಬೆಂಗಳೂರಿನವರು ಎಂದು ಅಲ್ಲಿಯವರೆಗೆ ನಂಬಿದ್ದೆ. ಎಲ್ಲರೂ ದಡ್ಡ ಎಂದುಕೊಂಡಿದ್ದ ಮಂದಣ್ಣನ ಮಾತನ್ನು ಕರ್ವಾಲೊರಂಥ ದೊಡ್ಡ ವಿಜ್ಞಾನಿ ಕಿವಿಗೊಟ್ಟು ಕೇಳುತ್ತಾರಲ್ಲ, ಅಲ್ಲಿ ಪುಸ್ತಕ ಮಡಚಿ ಜಗಲಿಗೆ ಬಂದು ಕೂತದ್ದು ನೆನಪಿದೆ. ನಮ್ಮ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಹಕ್ಕಿಗಳ ಗೂಡನ್ನೆಲ್ಲ ಬಲ್ಲ ಹುಡುಗನೊಬ್ಬನಿದ್ದ. ಮರುದಿನದಿಂದ ಅವನ ಪಕ್ಕ ಕೂರತೊಡಗಿದೆ.

ತೇಜಸ್ವಿ ಅದನ್ನು ಮಕ್ಕಳಿಗೆಂದು ಬರೆದವರಲ್ಲ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೂಡ ಹಾಗೆಯೇ. ಅರ್ಧ ಅರ್ಥವಾಗದಿದ್ದರೂ ಅವರೇ ಬರೆದ ಗಿಡಗಳ ಚಿತ್ರ ನೋಡುತ್ತ ಓದಿದೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಮಾಡುತ್ತ, ಹೊರನಾಡಿನಲ್ಲಿದ್ದುಕೊಂಡೇ ಅವರು ಆ ಕನ್ನಡ ಬರೆದರು ಎಂಬುದು ಈಗ ನನಗೆ ದೊಡ್ಡ ಧೈರ್ಯ. ನಮ್ಮ ವಯಸ್ಸಿಗೆಂದು ಮಾತನ್ನು ಸಣ್ಣದು ಮಾಡದ ಈ ಇಬ್ಬರಿಂದ ನಾನು ಪಡೆದದ್ದು ಬಹಳ.

ನಮಗೆ ಬೇರೆ ವಿಭಾಗ ಯಾಕೆ, ನಾವು ನೇರವಾಗಿ ದೊಡ್ಡವರನ್ನೇ ಓದಿದವರು ಎಂದು ಪುಣೆಯ ಗೆಳೆಯರ ಮುಂದೆ ಹೆಮ್ಮೆಯಿಂದ ಹೇಳಿದ್ದೂ ಉಂಟು. ಈಗ ಹಾಗೆ ಹೇಳಲಾರೆ. ನನ್ನ ಜೊತೆ ಚಂದಮಾಮಕ್ಕೆ ಕಾಯುತ್ತಿದ್ದವರಲ್ಲಿ ಹೆಚ್ಚಿನವರು ಎಸ್ಸೆಸ್ಸೆಲ್ಸಿ ಹೊತ್ತಿಗೆ ಓದುವುದನ್ನೇ ಬಿಟ್ಟರು. ಅವರ ಮನೆಗಳಲ್ಲಿ ಚಿಕ್ಕಪ್ಪನ ಟ್ರಂಕು ಇರಲಿಲ್ಲ. ಹಳ್ಳಕ್ಕೆ ಸಂಕ, ಅಂದರೆ ಕಾಲುಸೇತುವೆ, ಇಲ್ಲದಿದ್ದರೆ ಹಾರಬಲ್ಲವರು ದಾಟುತ್ತಾರೆ, ಉಳಿದವರು ಆಚೆ ದಡ ನೋಡುತ್ತ ನಿಲ್ಲುತ್ತಾರೆ.

ಸಂಕ ಹಾಕಿದವರು ನಮ್ಮಲ್ಲೂ ಇದ್ದರು. ಅದು ನನಗೆ ತಿಳಿದದ್ದು 2011ರಲ್ಲಿ. ಸಾಗರದ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತೆಂಬ ಸುದ್ದಿಯನ್ನು ಪುಣೆಯಲ್ಲಿ ಕೂತು ಓದಿದೆ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ನನ್ನ ಅಜ್ಜನ ಮನೆ, ತೋಟ ಎಲ್ಲ ಹೋಗಿದೆ. ಅಜ್ಜಿ ಆ ಮನೆಯ ಬಾಗಿಲ ಚಿಲಕವೊಂದನ್ನು ಕೊನೆಯವರೆಗೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಳು. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದು ಆ ಮುಳುಗಡೆಯನ್ನು ಹತ್ತಿರದಿಂದ ಕಂಡ ಒಬ್ಬರು, ಪಕ್ಕದ ತಾಲ್ಲೂಕಿನಲ್ಲೇ ಕೂತು ಮಕ್ಕಳಿಗಾಗಿ ಬರೆಯುತ್ತಿದ್ದರು. ಅವರ ಒಂದು ಪುಸ್ತಕವನ್ನೂ ನನ್ನ ಕೈಗೆ ಯಾರೂ ಕೊಟ್ಟಿರಲಿಲ್ಲ. 2025ರ ಜನವರಿಯಲ್ಲಿ ಅವರು ತೀರಿಕೊಂಡ ದಿನ ನನಗಾದ ಸಂಕಟದಲ್ಲಿ ಇದೂ ಸೇರಿತ್ತು. ನಾವು ಹೊರನಾಡಿನವರು ಸೇರಿದಾಗಲೆಲ್ಲ ಕುವೆಂಪು, ಕಾರಂತ, ತೇಜಸ್ವಿ ಎನ್ನುತ್ತೇವೆ. ಆ ಸಾಲಿನಲ್ಲಿ ಡಿಸೋಜರ ಹೆಸರು ಬರಬೇಕು. ಮರಾಠಿಗರು ಭಾಗವತರ ಹೆಸರನ್ನು ಸಂಕೋಚವಿಲ್ಲದೆ ಹೇಳುವ ಹಾಗೆ ಬರಬೇಕು.

ಮಗಳಿಗೆ ಈಗ ಹದಿಮೂರು. ಗೆಳತಿ ಕೊಟ್ಟ ಫೇಣೆಯ ಪುಸ್ತಕಗಳನ್ನು ತಾನೇ ಓದುತ್ತಾಳೆ. ಕನ್ನಡ ಅಕ್ಷರ ಕೂಡಿಸಿ ಓದುವುದು ನಿಧಾನ, ಹಾಗಾಗಿ ರಾತ್ರಿ ಊಟವಾದ ಮೇಲೆ ನಾನೇ ‘ಕರ್ವಾಲೊ’ದ ನಾಲ್ಕೈದು ಪುಟ ಓದಿ ಹೇಳುತ್ತೇನೆ. ಮೊನ್ನೆ ಹಾರುವ ಓತಿಯ ಮಾತು ಬಂದಾಗ ತಡೆದು, “ಓತಿ ಅಂದ್ರೆ ಸರಡಾ ಅಲ್ವಾ ಅಪ್ಪಾ?” ಎಂದಳು. ಹೌದು, ಮರಾಠಿಯಲ್ಲಿ ಅದೇ ಎಂದೆ.

“ಮಂದಣ್ಣನಿಗೆ ನನ್ನಷ್ಟೇ ವಯಸ್ಸಾ?”

“ಇಲ್ಲ ಪುಟ್ಟಿ, ದೊಡ್ಡವನು. ಮದುವೆ ಆಗ್ಬೇಕು ಅಂತ ಓಡಾಡ್ತಿದಾನೆ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಇರ್ಲಿ, ಮುಂದೆ ಓದು” ಎಂದು ಹೊದಿಕೆ ಎಳೆದುಕೊಂಡಳು.