ಭಾವನ ಭಾಗಾಕಾರ

ತಾಷ್ಕೆಂಟಿನಿಂದ ಮರಳಿ ಮೂರು ದಿನಗಳಾದವು. ಕಾಲುನೋವು ಇಳಿದಿದೆ, ಭಾವನ ಭಾಗಾಕಾರ ಮಾತ್ರ ಇನ್ನೂ ಕಿವಿಯಲ್ಲಿ ಗುಂಯ್‌ಗುಡುತ್ತಿದೆ. ನಮ್ಮ ಒಂದು ರೂಪಾಯಿಗೆ ನೂರಕ್ಕೂ ಹೆಚ್ಚು ಉಜ್ಬೆಕ್ ಸೋಮ್ ಸಿಗುವುದರಿಂದ, ಅಲ್ಲಿ ಇಳಿದು ಹಣ ಬದಲಿಸಿಕೊಂಡವರೆಲ್ಲ ಲಕ್ಷಾಧೀಶರಾಗಿಯೇ ಊರೊಳಗೆ ಕಾಲಿಡುತ್ತಾರೆ. ಆ ಸುಖವನ್ನು ಒಂದು ಗಳಿಗೆಯಾದರೂ ಅನುಭವಿಸೋಣವೆಂದರೆ, ಭಾವ ನೀರಿನ ಬಾಟಲಿಯಿಂದ ಹಿಡಿದು ಸಕಲವನ್ನೂ ಭಾಗಿಸಿ, ರೂಪಾಯಿಗಿಳಿಸಿ, ನನ್ನನ್ನು ಮತ್ತೆ ಬಡವನಾಗಿಸುತ್ತಿದ್ದರು.

ರಷ್ಯನ್ ಚಕ್ರವರ್ತಿಗಳ ಕಾಲದ ಗವರ್ನರ್ ಕೌಫ್‌ಮನ್, ಸ್ಟಾಲಿನ್, ಮಾರ್ಕ್ಸ್ ಸರದಿಯಂತೆ ಪ್ರತಿಮೆಗಳಾಗಿ ನಿಂತು ಹೋದ ಚೌಕದಲ್ಲಿ ಈಗ ಕುದುರೆಯೇರಿ ನಿಂತಿರುವ ತೈಮೂರನನ್ನು ಕಂಡಾಗ, ಒಂದೇ ಜಾಗಕ್ಕೆ ಇಷ್ಟು ಸಲ ಖರ್ಚು ಮಾಡಿದವರಾರೆಂಬುದೇ ಅವರ ಚಿಂತೆ. 2018ರವರೆಗೆ ಫೋಟೊ ತೆಗೆಯಲು ಬಿಡದಿದ್ದ ಮೆಟ್ರೊದಲ್ಲಿ, ಕಾಸ್ಮೊನಾವ್ಟ್ಲಾರ್ ನಿಲ್ದಾಣದ ನೀಲಿ ಗೋಡೆಯ ಮೇಲಿನ, ಮೊದಲ ಮಹಿಳಾ ಗಗನಯಾತ್ರಿ ತೆರೆಷ್ಕೋವಾರನ್ನು ನಾನು ನೋಡುತ್ತಿದ್ದರೆ, ಅವರು ಮೆಜೆಸ್ಟಿಕ್‌ನಿಂದ ಜಯನಗರಕ್ಕಾಗುವ ದರವನ್ನು ನೆನೆದು ನಿಟ್ಟುಸಿರಿಡುತ್ತಿದ್ದರು.

ಕರಕುಶಲ ಕಲೆಗಳ ವಸ್ತುಸಂಗ್ರಹಾಲಯದಲ್ಲಿ ಇದು ಮಿತಿಮೀರಿತು. ರಷ್ಯನ್ ರಾಜತಾಂತ್ರಿಕ ಪೊಲೊವ್‌ತ್ಸೆವ್‌ನ ಹಳೆಯ ಮನೆಯದು; ಚಾವಣಿಯ ಬಣ್ಣಗಳನ್ನು ನೋಡಲು ಕತ್ತೆತ್ತಿದರೆ ಇಳಿಸಲು ಮನಸ್ಸಾಗುವುದಿಲ್ಲ. ಭಾವ ಟಿಕೆಟ್ಟಿನ ಹಣವನ್ನು ರೂಪಾಯಿಗೆ ತಿರುಗಿಸಿ, ಕೋಣೆಗಳಿಂದ ಭಾಗಿಸಿ, ವಸ್ತುಗಳನ್ನು ಬೆರಳಲ್ಲೆಣಿಸಿ, ಒಂದೊಂದಕ್ಕೂ ಎಪ್ಪತ್ತೈದು ಪೈಸೆ ಬೀಳುವುದರಿಂದ ಯಾವುದನ್ನೂ ಬಿಡಕೂಡದೆಂದು ಅಪ್ಪಣೆ ಮಾಡಿದರು. ಹೀಗೆ ಎಣಿಸುತ್ತಾ ಹೋದವರು ಸುಜನಿಯ ಮುಂದೆ ಗಕ್ಕನೆ ನಿಂತರು. ಹೆಣ್ಣುಮಕ್ಕಳ ಮದುವೆಗೆಂದು ಮನೆಯ ಹೆಂಗಸರು ಸೇರಿ ಕಸೂತಿ ಹಾಕುವ ಈ ದೊಡ್ಡ ಬಟ್ಟೆಯಲ್ಲಿ, ಕೆಟ್ಟ ಕಣ್ಣು ತಾಗದಿರಲೆಂದು ಒಂದು ಮೂಲೆಯನ್ನು ಬೇಕೆಂದೇ ಅಪೂರ್ಣವಾಗಿ ಉಳಿಸುವ ಪದ್ಧತಿಯಿದೆ. ನಮ್ಮ ದೃಷ್ಟಿಬೊಟ್ಟಿನಂತೆಯೇ ಎಂದು ನಾನು ಅಭಿಮಾನದಿಂದ ವಿವರಿಸಿದೆ. ಎಲ್ಲವನ್ನೂ ಕೇಳಿಸಿಕೊಂಡ ಭಾವ, ಕಾವಲಿಗೆ ಕುಳಿತಿದ್ದ ಅಜ್ಜಿಯ ಬಳಿಗೆ ಹೋಗಿ, ಕೆಲಸ ಪೂರ್ತಿಯಾಗದ್ದಕ್ಕೆ ಟಿಕೆಟ್ಟಿನಲ್ಲಿ ಎಷ್ಟು ಬಿಡುತ್ತೀರೆಂದು ಕೈಸನ್ನೆಯಲ್ಲಿ ಕೇಳಿದರು. ಆಕೆಗೆ ಅರ್ಥವಾದದ್ದು ಇವರು ಭಾರತದವರೆಂಬುದಷ್ಟೇ. "ರಾಜ್ ಕಪೂರ್!" ಎಂದು ಎದೆ ಮುಟ್ಟಿಕೊಂಡರು. ಭಾವ ಪಟ್ಟು ಬಿಡದೆ ಆ ಮೂಲೆಯನ್ನೇ ತೋರಿಸಿದರು, ಅಜ್ಜಿ ಮತ್ತಷ್ಟು ಜೋರಾಗಿ "ರಾಜ್ ಕಪೂರ್!" ಎಂದರು. ಐದು ನಿಮಿಷ ನಡೆದ ಈ ಸಂವಾದದುದ್ದಕ್ಕೂ ನಾನು ಪಕ್ಕದ ಪಿಂಗಾಣಿ ತಟ್ಟೆಯೊಂದನ್ನು, ಅದರ ಎಪ್ಪತ್ತೈದು ಪೈಸೆಗೂ ಮೀರಿ, ನೋಡುತ್ತಾ ನಿಂತಿದ್ದೆ.

ಕೊನೆಯ ದಿನ ಲಾಲ್ ಬಹದ್ದೂರ್ ಶಾಸ್ತ್ರಿಯವರ ಹೆಸರಿನ ಬೀದಿಯಲ್ಲಿರುವ ಅವರ ಪ್ರತಿಮೆಗೆ ಹೊರಟೆವು. ಭಾವ ಮೂರು ಹೂ ಆರಿಸಿದರು. ಯಾರಿಗೆಂದು ತಿಳಿದ ಮಾರುವಾಕೆ, ಅಗಲಿದವರಿಗೆ ಜೋಡಿ ಲೆಕ್ಕದಲ್ಲೇ ಕೊಡಬೇಕೆಂದು ಇನ್ನೊಂದನ್ನು ಸೇರಿಸಿದಳು. ಭಾವ ತುಟಿಪಿಟಕ್ಕೆನ್ನದೆ ಹಣ ಕೊಟ್ಟರು. 1966ರ ಜನವರಿ 10ರಂದು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರೊಡನೆ ಒಪ್ಪಂದಕ್ಕೆ ಸಹಿ ಹಾಕಿದ ಆ ಸಣ್ಣ ಆಳಿನ ದೊಡ್ಡ ಮನುಷ್ಯ, ಮರುದಿನದ ಬೆಳಕು ಕಾಣದೆ ಇದೇ ಊರಿನಲ್ಲಿ ತೀರಿಕೊಂಡರು. ಅದೇ ವರ್ಷದ ಏಪ್ರಿಲ್ 26ರ ಭೂಕಂಪದಲ್ಲಿ ಊರೂ ಕುಸಿಯಿತು. ಆ ಜನವರಿಯಲ್ಲಿ ತಮ್ಮ ಅಪ್ಪ ರೇಡಿಯೊ ಮುಂದೆ ಕುಳಿತು ಅತ್ತದ್ದನ್ನು ಭಾವ ನನಗೆ ಮೊದಲ ಬಾರಿ ಹೇಳಿದರು. ಬಹಳ ಹೊತ್ತು ನಿಂತಿದ್ದೆವು.

ಟ್ಯಾಕ್ಸಿ ಹತ್ತಿದ ಮೇಲೆ ಕೇಳಿದರು: "ಆ ನಾಲ್ಕನೆಯ ಹೂವು ನಮ್ಮ ದುಡ್ಡಲ್ಲಿ ಎಷ್ಟಾಯಿತು?" ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು.